ಮನೆ ಎರಡು ಕಡೆ ಸೋರುತ್ತಿದೆ, ಸೊಸೈಟಿ ಕೇಳುತ್ತಿಲ್ಲ: ಬಾಡಿಗೆ ನಿಲ್ಲಿಸಲಾ?

ಪ್ರಶ್ನೆ: ನಾವು ಮುಂಬಯಿಯ ಮುಲುಂಡ್ ಪೂರ್ವದಲ್ಲಿ ಬಾಡಿಗೆಗೆ ಇದ್ದೇವೆ. 1991ರಲ್ಲಿ ಕಟ್ಟಿದ 7 ಮಹಡಿಯ ಕಟ್ಟಡ, ನಮ್ಮದು 6ನೇ ಮಹಡಿ. ಬಾಡಿಗೆ 34,000, ಡಿಪಾಸಿಟ್ ಒಂದೂವರೆ ಲಕ್ಷ. ಫೆಬ್ರವರಿ 1ಕ್ಕೆ ಬಂದೆವು. 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಎಗ್ರಿಮೆಂಟ್, 6 ತಿಂಗಳ ಲಾಕ್-ಇನ್ (ಅಲ್ಲಿಯ ತನಕ ಮನೆ ಬಿಡುವ ಹಾಗಿಲ್ಲ). ಏಪ್ರಿಲ್‌ನಲ್ಲೇ ಬಾತ್‌ರೂಮಿನ ಹೊರಗಿನ ಪ್ಯಾಸೇಜಿನ ಸೀಲಿಂಗ್ ಒದ್ದೆಯಾಯಿತು. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಬೆಡ್‌ರೂಮಿನ ಕಿಟಕಿ ಪಕ್ಕದ ಗೋಡೆಯೂ ಸೋರುತ್ತಿದೆ. ಕಪ್ಪು ಬೂಷ್ಟು ಹಿಡಿದಿದೆ, ಮಗನಿಗೆ ಕೆಮ್ಮು ಬಿಡುತ್ತಿಲ್ಲ. ಹೋದ ವಾರ ಪ್ಯಾಸೇಜಿನಲ್ಲಿ ಅಂಗೈ ಅಗಲದ ಪ್ಲಾಸ್ಟರ್ ಬಿತ್ತು. ಲಿಫ್ಟ್ ವಾರಕ್ಕೆ ಎರಡು ಸಲ ಕೆಡುತ್ತದೆ. ಸೊಸೈಟಿಯ (ಕಟ್ಟಡದ ಮನೆ ಮಾಲೀಕರ ಸಂಘದ) ಸೆಕ್ರೆಟರಿ "ನೀವು ಭಾಡೋತ್ರಿ (ಬಾಡಿಗೆಯವರು), ಓನರ್‌ಗೆ ಹೇಳಿ" ಅನ್ನುತ್ತಾರೆ. ಓನರ್ ಈಗ ಕಾರ್ಕಳದಲ್ಲಿದ್ದಾರೆ, ನಮ್ಮ ಮಾವನವರ ಪರಿಚಯದವರು. ಅವರು "ಅದು ಸೊಸೈಟಿಯ ಕೆಲಸ" ಅನ್ನುತ್ತಾರೆ. ಬಾಡಿಗೆ ನಿಲ್ಲಿಸಿದರೆ ಯಾರಾದರೂ ಎಚ್ಚೆತ್ತುಕೊಳ್ಳಬಹುದಾ?

ಉತ್ತರ: ಬಾಡಿಗೆಯ ವಿಷಯ ಆಮೇಲೆ. ಇವತ್ತು ಸಂಜೆಯೊಳಗೆ ಎರಡು ಕೆಲಸ ಮಾಡಿ ತಂಗಿ.

ಆ ಪ್ಯಾಸೇಜಿನ ಸೀಲಿಂಗಿನಲ್ಲಿ ಲೈಟ್ ಇದ್ದರೆ ಅದನ್ನು ಬಳಸುವುದು ನಿಲ್ಲಿಸಿ. ಒದ್ದೆ ಸ್ಲ್ಯಾಬಿನೊಳಗೆ ವೈರಿನ ಪೈಪ್ ಹೋಗಿರುತ್ತದೆ, ನೀರು ಆ ಪೈಪಿನೊಳಗೇ ಹರಿದು ಲೈಟಿನ ಹತ್ತಿರ ಇಳಿಯುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಎಲೆಕ್ಟ್ರಿಷಿಯನ್ ಕರೆದು ಆ ಪಾಯಿಂಟ್ ಮಾತ್ರ ಬಿಡಿಸಿ, ಬೋರ್ಡಿನಿಂದ ಒಂದು ಬಲ್ಬ್ ಹಾಕಿಕೊಳ್ಳಿ. ಇನ್ನೊಂದು, ಉಳಿದ ಪ್ಲಾಸ್ಟರ್. ಒಂದು ಕೋಲಿನ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಇದ್ದ ಕಡೆ ಕಲ್ಲು ತಟ್ಟಿದ ಸದ್ದು ಬರುತ್ತದೆ, ಬಿಟ್ಟುಕೊಂಡ ಕಡೆ ಟೊಳ್ಳು ಮಡಕೆಯ ಸದ್ದು. ಟೊಳ್ಳು ಇರುವುದನ್ನೆಲ್ಲ ಮೇಸ್ತ್ರಿಯಿಂದ ಬೀಳಿಸಿಬಿಡಬೇಕು, ಒಂದು ತಾಸಿನ ಕೆಲಸ. ತಾನಾಗಿ ಬೀಳುವ ತನಕ ಕಾಯುವುದು ಬೇಡ, ಕೆಳಗೆ ಓಡಾಡುವುದು ಮಗು. ಬೀಳಿಸುವ ಮುಂಚೆ ಫೋಟೊ ತೆಗೆದು ಓನರ್‌ಗೆ ಕಳಿಸಿ, "ಅಪಾಯ ಇದೆ, ಸಡಿಲ ಪ್ಲಾಸ್ಟರ್ ತೆಗೆಸುತ್ತಿದ್ದೇನೆ" ಅಂತ ಎರಡು ಸಾಲು ಬರೆಯಿರಿ. ನಾಳೆ "ಸೀಲಿಂಗ್ ನೀವೇ ಹಾಳು ಮಾಡಿದಿರಿ" ಅನ್ನುವ ಮಾತು ಬರಬಾರದು.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನೀವು "ಮನೆ ಸೋರುತ್ತಿದೆ" ಅಂತ ಒಂದೇ ದೂರು ಹೇಳಿಕೊಂಡು ಇಬ್ಬರ ಹತ್ತಿರ ಹೋಗಿದ್ದೀರಿ, ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಿದ್ದಾರೆ. ಆದರೆ ನೀವು ಬರೆದದ್ದನ್ನೇ ಇನ್ನೊಮ್ಮೆ ಓದಿ ನೋಡಿ. ಪ್ಯಾಸೇಜ್ ಒದ್ದೆಯಾದದ್ದು ಏಪ್ರಿಲ್‌ನಲ್ಲಿ. ಮುಂಬಯಿಯಲ್ಲಿ ಏಪ್ರಿಲ್‌ನಲ್ಲಿ ಎಲ್ಲಿಯ ಮಳೆ? ಅದು ಮಳೆನೀರಲ್ಲ, ಮೇಲಿನ ಮನೆಯ ಬಾತ್‌ರೂಮಿನ ನೀರು. ಬೆಡ್‌ರೂಮಿನ ಗೋಡೆ ಸೋರಲು ಶುರುವಾದದ್ದು ಜೂನ್‌ನಲ್ಲಿ, ಮಳೆ ಬಂದ ಮೇಲೆ. ಅದು ಹೊರಗೋಡೆಯಿಂದ ಬರುತ್ತಿರುವುದು. ನಿಮ್ಮ ಮನೆಯಲ್ಲಿ ಇರುವುದು ಒಂದು ಸೋರಿಕೆಯಲ್ಲ, ಎರಡು. ಎರಡಕ್ಕೂ ಹೊಣೆಗಾರರು ಬೇರೆ ಬೇರೆ, ರಿಪೇರಿ ಬೇರೆ ಬೇರೆ, ಬರೆಯಬೇಕಾದ ಪತ್ರಗಳೂ ಬೇರೆ ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ಹೇಳಿದ್ದಕ್ಕೇ ಅವರಿಬ್ಬರಿಗೂ ನುಣುಚಿಕೊಳ್ಳುವುದು ಸುಲಭವಾಯಿತು.

ಊರಲ್ಲಿ ಹಂಚಿನ ಮನೆ ಸೋರಿದರೆ ಸೋರುವ ಜಾಗದ ನೇರ ಮೇಲೋ ಸ್ವಲ್ಪ ಆಚೆಗೋ ಒಂದು ಹಂಚು ಒಡೆದಿರುತ್ತದೆ, ಏಣಿ ಇಟ್ಟು ಹತ್ತಿ ಬದಲಿಸಿದರೆ ಮುಗಿಯಿತು. ಸ್ಲ್ಯಾಬಿನ ಕಟ್ಟಡದಲ್ಲಿ ಹಾಗಲ್ಲ. ಮೇಲಿನ ಬಾತ್‌ರೂಮಿನ ಟೈಲ್ಸ್ ಕೆಳಗೆ ಇಟ್ಟಿಗೆ ಚೂರಿನ ಕೋಬಾ ತುಂಬಿರುತ್ತಾರೆ. ನೀರು ಅದರೊಳಗೆ ಸ್ಪಂಜಿನಲ್ಲಿ ನಿಂತ ಹಾಗೆ ನಿಂತು, ದಾರಿ ಸಿಕ್ಕ ಕಡೆ ಹರಿದು, ನಾಲ್ಕು ಅಡಿ ಆಚೆ ಇಳಿಯುತ್ತದೆ. ಅದಕ್ಕೇ ನಿಮ್ಮ ಬಾತ್‌ರೂಮು ಒಣಗಿದ್ದು, ಹೊರಗಿನ ಪ್ಯಾಸೇಜ್ ಒದ್ದೆಯಾಗಿರಬಹುದು. ಮೇಲಿನವರು ಬಂದು ನೋಡಿ "ನಮ್ಮ ಬಾತ್‌ರೂಮ್ ಇರುವುದು ಅಲ್ಲಿ, ನಿಮಗೆ ಸೋರುವುದು ಇಲ್ಲಿ, ನಮ್ಮದಲ್ಲ" ಅಂದರೆ ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ. ಹಾಗೆಯೇ ನಂಬಿರುತ್ತಾರೆ.

ಮೂಲ ಹುಡುಕಲು ಏನನ್ನೂ ಒಡೆಯಬೇಕಾಗಿಲ್ಲ. ಮೊದಲು ಒಂದು ವಾರ ಸುಮ್ನೆ ಬರೆದಿಡಿ: ಎಷ್ಟು ಗಂಟೆಗೆ ಹನಿ ಬೀಳುತ್ತದೆ, ಯಾವಾಗ ನಿಲ್ಲುತ್ತದೆ. ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕಿದರೆ ನಳದ ಪೈಪು, ಯಾಕೆಂದರೆ ಅದರಲ್ಲಿ ಯಾವಾಗಲೂ ಒತ್ತಡ ಇರುತ್ತದೆ. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿ ಹೋದ ಮೇಲೆ ಒಂದೆರಡು ತಾಸು ಜಾಸ್ತಿಯಾಗಿ, ರಾತ್ರಿ ಕಡಿಮೆಯಾದರೆ ಅದು ಹರಿದುಹೋಗುವ ನೀರು. ಅಂದರೆ ನೆಲ, ನಾಹಣಿಯ (ಬಾತ್‌ರೂಮಿನ ನೀರು ಹೋಗುವ ತೂತಿನ) ಟ್ರ್ಯಾಪ್ ಅಥವಾ ಅದರ ಕೆಳಗಿನ ಪೈಪಿನ ಜಾಯಿಂಟ್.

ಆಮೇಲೆ ಮೇಲಿನವರ ಸಹಾಯ ಬೇಕು. ಅವರು ರಾತ್ರಿ ಮಲಗುವಾಗ ಬಾತ್‌ರೂಮಿನ ವಾಲ್ವ್ ಮುಚ್ಚಲಿ, ಬೆಳಿಗ್ಗೆಗೆ ನಿಮ್ಮ ಹನಿ ನಿಂತಿದ್ದರೆ ತಪ್ಪು ನಳದ ಪೈಪಿನದ್ದು. ನಿಲ್ಲದಿದ್ದರೆ ನಾಹಣಿಯ ಬಾಯಿಗೆ ಬಟ್ಟೆ ತುರುಕಿ ಮುಚ್ಚಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಅದಕ್ಕೆ ಅಡುಗೆಯ ಕೆಂಪು ಬಣ್ಣ ಕಲಸಿ ಒಂದು ದಿನ ಬಿಡಲಿ. ಕೆಳಗೆ ಬಣ್ಣ ಇಳಿದರೆ ಟೈಲ್ಸ್ ಸಂದು ಬಿಟ್ಟಿದೆ. ಇಳಿಯದೆ, ನಾಹಣಿ ತೆರೆದು ನೀರು ಬಿಟ್ಟಾಗ ಮಾತ್ರ ಇಳಿದರೆ ಟ್ರ್ಯಾಪ್ ಅಥವಾ ಪೈಪು. ಇದು ಗೊತ್ತಾಗುವುದು ಬಹಳ ಮುಖ್ಯ. ಟೈಲ್ಸ್ ಸಂದು ಮಾತ್ರ ಆಗಿದ್ದರೆ ಹಳೆಯ ಸಿಮೆಂಟ್ ಕೆರೆದು ಹೊಸದಾಗಿ ಗ್ರೌಟ್ ತುಂಬಿದರೆ ಸಾಕು, ಎರಡು ದಿನದ ಕೆಲಸ. ಟ್ರ್ಯಾಪ್ ಒಡೆದಿದ್ದರೆ ಆ ಮೂಲೆ ಅಗೆಯಬೇಕು. ಕೋಬಾವೇ ಹಾಳಾಗಿದ್ದರೆ ಇಡೀ ಬಾತ್‌ರೂಮ್ ಒಡೆದು ಹೊಸ ವಾಟರ್‌ಪ್ರೂಫಿಂಗ್, ಆ ಮನೆಯವರಿಗೆ ವಾರಕ್ಕಿಂತ ಜಾಸ್ತಿ ಬಾತ್‌ರೂಮ್ ಇಲ್ಲ. "ನಿಮ್ಮ ಬಾತ್‌ರೂಮ್ ಒಡೆಸಿ" ಅಂತ ಬಾಗಿಲಿಗೆ ಹೋದರೆ ಯಾರು ಒಪ್ಪುತ್ತಾರೆ? "ರಾತ್ರಿ ವಾಲ್ವ್ ಒಂದು ಮುಚ್ಚಿ ನೋಡ್ತೀರಾ?" ಅಂತ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಇನ್ನು ಬೆಡ್‌ರೂಮ್. ಮಳೆ ನಿಂತು ಎರಡು ದಿನ ಬಿಸಿಲು ಬಂದರೆ ಗೋಡೆ ಒಣಗುತ್ತದಾ ಅಂತ ನೋಡಿ. ಒಣಗಿದರೆ ಹೊರಗೋಡೆಯೇ. ಕೆಳಗೆ ಕಾಂಪೌಂಡಿಗೆ ಹೋಗಿ ನಿಮ್ಮ ಕಿಟಕಿಯ ನೇರಕ್ಕೆ ನಿಂತು ಫೋನ್ ಕ್ಯಾಮೆರಾ ಜೂಮ್ ಮಾಡಿ ಫೋಟೊ ತೆಗೆಯಿರಿ. ಚಜ್ಜಾ (ಕಿಟಕಿಯ ಮೇಲಿನ ಸಜ್ಜೆ) ಗೋಡೆಗೆ ಸೇರುವ ಗೆರೆಯಲ್ಲಿ ಬಿರುಕಿದೆಯಾ, ಅರಳಿ ಗಿಡ ಹುಟ್ಟಿದೆಯಾ, ಡ್ರೈನೇಜ್ ಪೈಪಿನ ಜಾಯಿಂಟ್ ಹತ್ತಿರ ಹಸಿರು ಪಾಚಿ ಇದೆಯಾ, ಎಸಿ ಪೈಪಿನ ತೂತು ತೆರೆದಿದೆಯಾ. ಕೆಲವು ವರ್ಷ ಹಿಂದೆ ಘಾಟ್ಕೋಪರ್‌ನಲ್ಲಿ ಒಂದು ಮನೆ ನೋಡಲು ಹೋಗಿದ್ದೆ. ಆ ಬಾಡಿಗೆಯವರು ಮೂರು ಸಲ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿಸಿದ್ದರು, ಪ್ರತಿ ಜುಲೈಗೆ ಅದು ಗುಳ್ಳೆ ಎದ್ದು ಕಿತ್ತುಬರುತ್ತಿತ್ತು. ಆಗಿದ್ದೇನೆಂದರೆ, ಮೇಲಿನ ಚಜ್ಜಾದ ನೀರು ಹೋಗುವ ತೂತಿಗೆ ಪಾರಿವಾಳದ ಗೂಡು ಕಟ್ಟಿಕೊಂಡಿತ್ತು. ಅಲ್ಲಿ ಕೆರೆ ಕಟ್ಟಿದ ಹಾಗೆ ನೀರು ನಿಂತು ಗೋಡೆಯೊಳಗೆ ಇಳಿಯುತ್ತಿತ್ತು. ಗೂಡು ತೆಗೆದು, ಚಜ್ಜಾದ ಬಿರುಕು ತುಂಬಿದ ಮೇಲೆ ಆ ಗೋಡೆ ಮತ್ತೆ ಸೋರಲಿಲ್ಲ. ಮೂರು ಸಲ ಪೇಂಟಿಗೆ ಸುರಿದ ಹಣ ಆ ಬಡ ಸಂಸಾರದ್ದು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ನೀವು ಒಳಗಿನಿಂದ ಏನನ್ನೂ ಬಳಿಯಬೇಡಿ. ನೀರು ಹೊರಗಿನಿಂದ ಬರುವಾಗ ಒಳಗೆ ಮುಚ್ಚಿದರೆ ಅದು ಗೋಡೆಯಲ್ಲೇ ನಿಲ್ಲುತ್ತದೆ. ಕಪಾಟು, ಮಂಚ ಆ ಗೋಡೆಯಿಂದ ಅರ್ಧ ಅಡಿ ದೂರ ಇಡಿ, ಫ್ಯಾನ್ ಗಾಳಿ ಅಲ್ಲಿ ಆಡಲಿ. ಮಗನನ್ನು ಸದ್ಯಕ್ಕೆ ಹಾಲ್‌ನಲ್ಲಿ ಮಲಗಿಸಿ. ಬೂಷ್ಟು ಹಿಡಿದ ಕೋಣೆಯಲ್ಲಿ ಕೆಮ್ಮು, ಉಬ್ಬಸ ಹೆಚ್ಚಾಗುತ್ತದೆ. ಮನೆಯ ಸ್ಥಿತಿ ಹೀಗಿದೆ ಅಂತ ಮಕ್ಕಳ ಡಾಕ್ಟರಿಗೆ ತಪ್ಪದೆ ಹೇಳಿ. ಅವರು ಚೀಟಿಯಲ್ಲಿ ಬರೆದರೆ ಆ ಚೀಟಿಯೂ ನಿಮಗೆ ಬೇಕಾಗುತ್ತದೆ.

ಯಾರು ಖರ್ಚು ಕೊಡಬೇಕು ಅನ್ನುವುದಕ್ಕೆ ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ (ನಿಯಮಾವಳಿಯಲ್ಲಿ) ಉತ್ತರ ಇದೆ. ಟಾಯ್ಲೆಟ್, ಸಿಂಕ್ ಇಂಥವುಗಳಿಂದ ಆಗುವ ಒಳಗಿನ ಸೋರಿಕೆ ಮೆಂಬರ್, ಅಂದರೆ ಆ ಮನೆಯ ಮಾಲೀಕರ ಖರ್ಚು. ಮಳೆನೀರು, ಹೊರಗಿನ ಸಾಮಾನ್ಯ ಪೈಪ್ ಲೈನ್, ಡ್ರೈನೇಜ್ ಲೈನ್, ಟೆರೇಸ್ ಇವುಗಳಿಂದ ಆಗುವುದು ಸೊಸೈಟಿ ಖರ್ಚು. ಅಂದರೆ ನಿಮ್ಮ ಪ್ಯಾಸೇಜಿಗೆ ಸಾಮಾನ್ಯವಾಗಿ 7ನೇ ಮಹಡಿಯ ಮೆಂಬರ್ ಹೊಣೆ, ಬೆಡ್‌ರೂಮಿಗೆ ಸೊಸೈಟಿ ಹೊಣೆ. ಒಂದು ವಿಷಯ ಮಾತ್ರ ಪರೀಕ್ಷಿಸಿಕೊಳ್ಳಿ: ನಿಮ್ಮ ಓನರ್ ಯಾವಾಗಲಾದರೂ ಕಿಟಕಿಗೆ ಬಾಕ್ಸ್ ಗ್ರಿಲ್ ಹಾಕಿಸಿ ಹೊರಗೋಡೆಗೆ ಬೋಲ್ಟ್ ಹೊಡೆಸಿದ್ದರೆ, ಆ ತೂತುಗಳಿಂದಲೇ ನೀರು ಬರುತ್ತಿದ್ದರೆ, ಆಗ ಸೊಸೈಟಿ "ಅದು ನಿಮ್ಮ ಮಾಲೀಕರೇ ಮಾಡಿಸಿದ್ದು" ಅನ್ನುವುದು ನ್ಯಾಯವೇ.

ಹಾಗಾದರೆ ಸೆಕ್ರೆಟರಿ ಹೇಳಿದ್ದು ತಪ್ಪಾ? "ಭಾಡೋತ್ರಿ" ಅಂತ ಬಾಗಿಲಲ್ಲಿ ನಿಲ್ಲಿಸಿ ಹೇಳಿದ ರೀತಿ ತಪ್ಪು, ಅದು ನನಗೂ ಕೋಪ ತರಿಸುತ್ತದೆ. ಆದರೆ ಕಾಗದದ ಮಟ್ಟಿಗೆ ಅವರ ಮಾತಿನಲ್ಲಿ ಅರ್ಥ ಇದೆ. ಸೊಸೈಟಿಗೆ ಸಂಬಂಧ ಇರುವುದು ಮೆಂಬರ್ ಜೊತೆ. ಎಜಿಎಂನಲ್ಲಿ (ವಾರ್ಷಿಕ ಸಭೆಯಲ್ಲಿ) ನಿಮಗೆ ಮತ ಇಲ್ಲ, ನೀವು ಬರೆದ ಪತ್ರಕ್ಕೆ ಉತ್ತರ ಕೊಡಲೇಬೇಕೆಂದಿಲ್ಲ. ಮೆಂಬರ್ ಬರೆದರೆ ಹಾಗೆ ಕೂರಲು ಆಗುವುದಿಲ್ಲ. ಅದಕ್ಕೇ ಸೊಸೈಟಿ ಆಫೀಸಿನಲ್ಲಿ ನಿಮ್ಮ ದನಿ ಅಂದರೆ ಓನರ್ ಸಹಿ. ಜೊತೆಗೆ ಇದನ್ನೂ ತಿಳಿದಿರಿ: ನೀವು ಬಾಡಿಗೆಗೆ ಇರುವ ಕಾರಣಕ್ಕೇ ಸೊಸೈಟಿ ನಿಮ್ಮ ಓನರ್‌ರಿಂದ ನಾನ್-ಆಕ್ಯುಪೆನ್ಸಿ ಚಾರ್ಜ್ ತೆಗೆದುಕೊಳ್ಳಬಹುದು. 2001ರ ಸರ್ಕಾರಿ ಆದೇಶದ ಪ್ರಕಾರ ಅದು ಸರ್ವಿಸ್ ಚಾರ್ಜಿನ ಶೇ. 10 ದಾಟಬಾರದು. ಸರ್ವಿಸ್ ಚಾರ್ಜ್ 3,000 ಇದ್ದರೆ 300. ಬಿಲ್‌ನಲ್ಲಿ ಇದಕ್ಕಿಂತ ಜಾಸ್ತಿ ಕಂಡರೆ ಓನರ್‌ಗೆ ತೋರಿಸಿ, ಅವರಿಗೂ ಸೊಸೈಟಿ ಜೊತೆ ಮಾತಾಡಲು ಒಂದು ಕಾರಣ ಸಿಗುತ್ತದೆ.

ಈಗ ಪರಿಚಯದ ಓನರ್‌ಗೆ ಬರೆದು ಕೊಡುವ ಮುಜುಗರದ ವಿಷಯ. ಮುಂಬಯಿಯಲ್ಲಿ ನಮ್ಮವರಲ್ಲಿ ಇದು ಜಾಸ್ತಿ. ಮನೆ ಪರಿಚಯದ ಮೂಲಕ ಸಿಗುತ್ತದೆ, ಓನರ್ ಊರಿನವರು, ಮದುವೆ ಮುಂಜಿಯಲ್ಲಿ ಎದುರಾಗುವವರು. ಹಾಗಾಗಿ ಬರೆದು ಕೊಟ್ಟರೆ ಜಗಳಕ್ಕೆ ನಿಂತ ಹಾಗೆ ಆಗುತ್ತದೆ ಅಂತ ಎಲ್ಲವನ್ನೂ ಫೋನಿನಲ್ಲೇ ಹೇಳುತ್ತೇವೆ. ಫೋನಿನಲ್ಲಿ ಹೇಳಿದ್ದು ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ, ಆಗಲೇ ನಿಜವಾದ ಮನಸ್ತಾಪ ಬರುವುದು. ಪ್ರೀತಿಯಿಂದಲೇ ಬರೆಯಬಹುದಲ್ವಾ? ಹೀಗೆ:

"ಅಣ್ಣಾ, ನಮಸ್ಕಾರ. ಮನೆಯಲ್ಲಿ ಎರಡು ಕಡೆ ಸೋರುತ್ತಿದೆ, ತಾರೀಕು ಸಮೇತ ಫೋಟೊ ಕಳಿಸಿದ್ದೇನೆ. ಪ್ಯಾಸೇಜಿನದ್ದು ಏಪ್ರಿಲ್‌ನಿಂದ ಇದೆ, ಮೇಲಿನ ಬಾತ್‌ರೂಮಿನದ್ದು ಇರಬೇಕು. ಬೆಡ್‌ರೂಮಿನದ್ದು ಹೊರಗೋಡೆಯಿಂದ. ಪ್ಲಾಸ್ಟರ್ ಬಿದ್ದಿದೆ, ಮಗ ಸ್ವಲ್ಪದರಲ್ಲಿ ತಪ್ಪಿಸಿಕೊಂಡ. ಸೊಸೈಟಿಗೆ ಮೆಂಬರ್ ಆಗಿ ನೀವೇ ಬರೆಯಬೇಕಂತೆ. ಎರಡು ಪತ್ರ ನಾನೇ ತಯಾರು ಮಾಡಿದ್ದೇನೆ, ಸಹಿ ಮಾಡಿ ಕಳಿಸಿ, ಆಫೀಸಿಗೆ ನಾನೇ ಕೊಟ್ಟು ಬರುತ್ತೇನೆ. ನಿಮ್ಮ ಪರವಾಗಿ ಸೊಸೈಟಿ ಜೊತೆ ಮಾತಾಡಲು ನನಗೆ ಒಂದು ಒಪ್ಪಿಗೆ ಪತ್ರವನ್ನೂ ಕೊಡಿ. ಈ ತಿಂಗಳ 25ರೊಳಗೆ ತಿಳಿಸಿದರೆ ಉಪಕಾರ."

ಮಗ ತಪ್ಪಿಸಿಕೊಂಡ ಮಾತು ನಿಮ್ಮಲ್ಲಿ ಆಗಿರದಿದ್ದರೆ ತೆಗೆದುಬಿಡಿ, ನಡೆದದ್ದನ್ನು ಮಾತ್ರ ಬರೆಯಿರಿ. ಕಾರ್ಕಳದಲ್ಲಿ ಕೂತವರಿಗೆ ಮುಲುಂಡಿನ ಸೊಸೈಟಿ ಆಫೀಸಿಗೆ ಓಡಾಡಲು ಆಗುವುದಿಲ್ಲ, ಹೆಚ್ಚಿನ ಸಲ "ಸೊಸೈಟಿಯ ಕೆಲಸ" ಅನ್ನುವುದು ಆ ಕಷ್ಟಕ್ಕೇ. ಓಡಾಟ ನೀವು ಹೊತ್ತುಕೊಂಡರೆ ಸಹಿ ಮಾಡುವುದು ಅವರಿಗೆ ಭಾರವಾಗುವುದಿಲ್ಲ. ಇನ್ನೊಂದು ಮಾತು ಅವರಿಗೆ ಅರ್ಥವಾಗುವ ಹಾಗೆ ಹೇಳಿ. ಒದ್ದೆ ಸ್ಲ್ಯಾಬಿನೊಳಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಬಿದ್ದದ್ದು ಪ್ಲಾಸ್ಟರ್ ಆದರೂ ಹಾಳಾಗುತ್ತಿರುವುದು ಅವರ ಸ್ವತ್ತು.

ಸೊಸೈಟಿಗೆ ಪತ್ರ ಕೊಡುವಾಗ ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಪತ್ರ ಸಿಕ್ಕಿತು ಅನ್ನುವ ಇನ್‌ವರ್ಡ್ ಸೀಲ್, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಮಾತು ಬೆಳೆಸಬೇಡಿ, ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮೊದಲ ಪತ್ರದಲ್ಲಿ ಕೇಳಬೇಕಾದ್ದು: ಕಮಿಟಿಯವರು ಪ್ಲಂಬರ್ ಜೊತೆ ಬಂದು 6 ಮತ್ತು 7ನೇ ಮಹಡಿ ಎರಡನ್ನೂ ನೋಡಬೇಕು. ನೋಟಿಸ್ ಕೊಟ್ಟು ಮೆಂಬರ್ ಮನೆಯೊಳಗೆ ಬಂದು ಪರೀಕ್ಷಿಸುವ ಅಧಿಕಾರ ಬೈಲಾದಲ್ಲಿ ಕಮಿಟಿಗೆ ಇದೆ, ಹಾಗಾಗಿ "ಮೇಲಿನವರು ಬಾಗಿಲು ತೆರೆಯುವುದಿಲ್ಲ, ನಾವೇನು ಮಾಡೋಣ" ಅನ್ನುವುದು ಸರಿಯಾದ ಉತ್ತರವಲ್ಲ. ಎರಡನೇ ಪತ್ರದಲ್ಲಿ ಹೊರಗೋಡೆಯ ಫೋಟೊ ಹಚ್ಚಿ, ಸೊಸೈಟಿ ಖರ್ಚಿನಲ್ಲಿ ರಿಪೇರಿ ಕೇಳಿ. ಮಳೆಗಾಲದಲ್ಲಿ ಹೊರಗೋಡೆಯ ಪೂರ್ತಿ ಕೆಲಸ ಆಗುವುದಿಲ್ಲ, ಅದು ನಿಜ, ಒದ್ದೆ ಗೋಡೆಗೆ ಏನು ಹಚ್ಚಿದರೂ ನಿಲ್ಲುವುದಿಲ್ಲ. ಆದರೆ ಬಿಡುವು ಸಿಕ್ಕ ದಿನ ಚಜ್ಜಾ ಸ್ವಚ್ಛ ಮಾಡಿ, ಗಿಡ ಕಿತ್ತು, ಬಿರುಕಿಗೆ ತಾತ್ಕಾಲಿಕವಾಗಿ ತುಂಬಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಕಟ್ಟಲು ಯಾವ ತೊಂದರೆಯೂ ಇಲ್ಲ. ಅಷ್ಟನ್ನು ಈಗ ಕೇಳಿ, ಪೂರ್ತಿ ಕೆಲಸ ಅಕ್ಟೋಬರ್‌ಗೆ ಅಂತ ಬರೆಸಿಕೊಳ್ಳಿ. 15 ದಿನಕ್ಕೆ ಉತ್ತರ ಬರದಿದ್ದರೆ ನೆನಪೋಲೆ, ಅದಕ್ಕೂ ಬರದಿದ್ದರೆ ನಿಮ್ಮ ಓನರ್ ಸಹಕಾರ ನ್ಯಾಯಾಲಯಕ್ಕೆ (ಕೋ-ಆಪರೇಟಿವ್ ಕೋರ್ಟ್) ಹೋಗಬಹುದು.

ಇಷ್ಟು ಹಳೆಯ ಸೊಸೈಟಿಗಳು ರಿಪೇರಿಗೆ ಯಾಕೆ ಕೈ ಹಾಕುವುದಿಲ್ಲ ಅನ್ನುವುದಕ್ಕೆ ನಾನು ಕಂಡ ಮುಖ್ಯ ಕಾರಣ ರಿಡೆವಲಪ್‌ಮೆಂಟ್ ಆಸೆ. "ಹೇಗೂ ಒಡೆದು ಹೊಸದು ಕಟ್ಟುತ್ತಾರೆ, ಈಗ ಯಾಕೆ ಖರ್ಚು" ಅಂತ ಕೂರುತ್ತಾರೆ. ಆ ಮಾತುಕತೆ ಐದು ವರ್ಷವೂ ಎಳೆಯುತ್ತದೆ, ಹತ್ತು ವರ್ಷವೂ ಎಳೆಯುತ್ತದೆ. ಅಷ್ಟರಲ್ಲಿ ಮಳೆ ಅದರ ಪಾಡಿಗೆ ಬರುತ್ತಲೇ ಇರುತ್ತದೆ. ರಿಡೆವಲಪ್‌ಮೆಂಟ್ ಆದರೆ ಬಿಲ್ಡರ್ ಕೊಡುವ ಬಾಡಿಗೆ ಹಣ ಹೋಗುವುದು ಓನರ್‌ಗೆ, ನಿಮಗೆ ಸಿಗುವುದು ಮನೆ ಖಾಲಿ ಮಾಡುವ ನೋಟಿಸ್ ಮಾತ್ರ. ಕಮಿಟಿಯವರು ಆ ಹೆಸರು ಹೇಳಿದರೆ ಅದರ ಮೇಲೆ ಭರವಸೆ ಇಟ್ಟು ಕಾಯಬೇಡಿ.

ನಿಮ್ಮ ಕಟ್ಟಡಕ್ಕೆ 30 ದಾಟಿದೆ. ಮಾದರಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದರೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡ ಎಷ್ಟು ಗಟ್ಟಿ ಅನ್ನುವ ಎಂಜಿನಿಯರ್ ಪರೀಕ್ಷೆ) ಆಗಬೇಕು. 30 ದಾಟಿದ ಕಟ್ಟಡ ಗಟ್ಟಿಯಿದೆ ಅನ್ನುವ ಎಂಜಿನಿಯರ್ ಸರ್ಟಿಫಿಕೇಟನ್ನು ಪಾಲಿಕೆಗೂ ಕೊಡಬೇಕು. ಪಾಲಿಕೆ ಕಟ್ಟಡಗಳನ್ನು ಸಿ1, ಸಿ2ಎ, ಸಿ2ಬಿ, ಸಿ3 ಅಂತ ವಿಂಗಡಿಸುತ್ತದೆ. ಸಿ1 ಅಂದರೆ ಖಾಲಿ ಮಾಡಿ ಕೆಡವಬೇಕಾದ್ದು, ಸಿ3 ಅಂದರೆ ಸಣ್ಣ ರಿಪೇರಿ ಸಾಕು. ನಿಮ್ಮದು ಯಾವುದು, ಕೊನೆಯ ಆಡಿಟ್ ಯಾವಾಗ ಆಯಿತು ಅನ್ನುವ ಪ್ರಶ್ನೆಯನ್ನೂ ಓನರ್ ಪತ್ರದಲ್ಲಿ ಸೇರಿಸಿ. ಒಂದು ಪ್ಯಾಸೇಜಿನ ಪ್ಲಾಸ್ಟರ್ ಬಿದ್ದ ಮಾತ್ರಕ್ಕೆ ಇಡೀ ಕಟ್ಟಡ ಬೀಳುತ್ತದೆ ಅಂತ ಹೆದರಬೇಡಿ. ನೀವು ನೋಡಬೇಕಾದ್ದು ಕಂಬಗಳನ್ನು. ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಕಂಬದ ಉದ್ದಕ್ಕೂ ಮೇಲಿನಿಂದ ಕೆಳಗೆ ಬಿರುಕು ಇದ್ದರೆ, ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಸಲಾಕೆ ಕಾಣುತ್ತಿದ್ದರೆ, ಬಾಗಿಲುಗಳು ಇದ್ದಕ್ಕಿದ್ದ ಹಾಗೆ ಚೌಕಟ್ಟಿಗೆ ಸಿಕ್ಕಿಕೊಳ್ಳಲು ಶುರುವಾದರೆ, ಆಗ ಪತ್ರ, ನೆನಪೋಲೆ ಅಂತ ಕಾಯಬಾರದು. ನಿಮ್ಮದು ಪಾಲಿಕೆಯ ಟಿ ವಾರ್ಡ್, ಅಲ್ಲಿಯ ಬಿಲ್ಡಿಂಗ್ ಅಂಡ್ ಫ್ಯಾಕ್ಟರಿ ವಿಭಾಗಕ್ಕೆ ಬರೆಯಿರಿ. ಇದಕ್ಕೆ ಮೆಂಬರ್ ಆಗಬೇಕಾಗಿಲ್ಲ, ಅಲ್ಲಿ ವಾಸ ಇರುವ ಯಾರೂ ಬರೆಯಬಹುದು. ಕಂಬವೋ ಬೀಮೋ ಸಿಡಿದ ಸದ್ದು ಕೇಳಿದರೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದು 1916ಕ್ಕೆ ಫೋನ್ ಮಾಡಿ, ಪಾಲಿಕೆಯ ವಿಪತ್ತು ಕಂಟ್ರೋಲ್ ರೂಮ್ ಅದು.

ಲಿಫ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಸರ್ಕಾರದ ಪರವಾನಗಿ ಬೇಕು, ಕಂಪನಿ ಜೊತೆ ಸರ್ವಿಸ್ ಒಪ್ಪಂದ ಇರಬೇಕು. ನಿಂತ ತಾರೀಕುಗಳನ್ನು ಬರೆದಿಟ್ಟು ಅದೇ ಪತ್ರದ ಕೊನೆಗೆ ಸೇರಿಸಿ. ಮಗುವನ್ನು ಒಬ್ಬನೇ ಅದರಲ್ಲಿ ಕಳಿಸಬೇಡಿ.

ಈಗ ಬಾಡಿಗೆ. ನಿಲ್ಲಿಸಬೇಡಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 14ನೇ ಕಲಮಿನ ಬಗ್ಗೆ ಯಾರಾದರೂ ವಾಟ್ಸ್ಆಪ್‌ನಲ್ಲಿ ಕಳಿಸಿರಬಹುದು. ಮಾಲೀಕ ಮನೆಯನ್ನು ವಾಸಕ್ಕೆ ತಕ್ಕ ಹಾಗೆ ಇಡಬೇಕು, ಬಾಡಿಗೆದಾರ 15 ದಿನದ ನೋಟಿಸ್ ಕೊಟ್ಟೂ ಮಾಡದಿದ್ದರೆ ತಾನೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ವರ್ಷಕ್ಕೆ ಆ ವರ್ಷದ ಬಾಡಿಗೆಯ ಕಾಲು ಭಾಗದವರೆಗೆ ಅಂತ ಅದರಲ್ಲಿದೆ. ಓದಿದರೆ ನಿಮಗಾಗಿಯೇ ಬರೆದ ಹಾಗಿದೆ. ಆದರೆ ಅದು ಟೆನೆಂಟ್‌ಗೆ. ನೀವು ಸಹಿ ಮಾಡಿದ್ದು ಲೀವ್ ಅಂಡ್ ಲೈಸೆನ್ಸ್‌ಗೆ, ನೀವು ಲೈಸೆನ್ಸಿ, ಅಂದರೆ ಇಷ್ಟು ತಿಂಗಳು ಇರಲು ಅನುಮತಿ ಮಾತ್ರ ಪಡೆದವರು. ಈ ಎರಡಕ್ಕೂ ಕಾನೂನಿನಲ್ಲಿ ಬಹಳ ವ್ಯತ್ಯಾಸ. ಗಿರಗಾಂವ್, ದಾದರ್ ಕಡೆಯ ಹಳೆಯ ಪಗಡಿ ಮನೆಯವರು (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಇರುವವರು) ಟೆನೆಂಟ್‌ಗಳು, ಅವರ ಹಕ್ಕು ಗಟ್ಟಿ. ನಿಮ್ಮ ಹಕ್ಕು ಹೆಚ್ಚಾಗಿ ಎಗ್ರಿಮೆಂಟಿನಲ್ಲಿ ಏನು ಬರೆದಿದೆಯೋ ಅದು. ಬಾಡಿಗೆ ನಿಲ್ಲಿಸಿದರೆ ಎಗ್ರಿಮೆಂಟ್ ಮುರಿದವರು ನೀವೇ ಆಗುತ್ತೀರಿ, ಇಲ್ಲಿಯ ತನಕ ನಿಮ್ಮ ಕಡೆ ಇದ್ದ ನ್ಯಾಯ ಅವರ ಕಡೆ ಹೋಗುತ್ತದೆ. ಅವಧಿ ಮುಗಿದ ಮೇಲೂ ಜಗಳದಲ್ಲಿ ಅಲ್ಲೇ ಕೂತರಂತೂ ಅದೇ ಕಾಯ್ದೆಯ 24ನೇ ಕಲಮು ದುಪ್ಪಟ್ಟು ಬಾಡಿಗೆ ಕೊಡಿಸುತ್ತದೆ.

ಅದರ ಬದಲು ಓನರ್‌ರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ: "ಪ್ಲಾಸ್ಟರ್ ತೆಗೆಸಿ, ಸಲಾಕೆಗೆ ತುಕ್ಕು ತಡೆಯುವ ಬಣ್ಣ ಹಚ್ಚಿ, ಪಾಲಿಮರ್ ಗಾರೆ ಹಾಕಿಸುವ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ" ಅಂತ ವಾಟ್ಸ್ಆಪ್‌ನಲ್ಲಿ ಅವರೇ ಬರೆದರೂ ಸಾಕು. ಮೇಲಿನ ಸೋರಿಕೆ ನಿಂತು ಸ್ಲ್ಯಾಬ್ ಒಣಗಿದ ಮೇಲೆ ಮಾತ್ರ ಆ ಕೆಲಸ ಮಾಡಿಸಿ. ಅದಕ್ಕೆ ಮುಂಚೆ ಮಾಡಿಸಿದರೆ ಮತ್ತೆ ಬೀಳುತ್ತದೆ.

ಬಿಟ್ಟುಹೋಗುವ ಬಾಗಿಲೂ ನಿಮಗೆ ತೆರೆದಿದೆ. ಫೆಬ್ರವರಿ 1ಕ್ಕೆ ಬಂದಿದ್ದೀರಿ, 6 ತಿಂಗಳ ಲಾಕ್-ಇನ್ ಜುಲೈ 31ಕ್ಕೆ ಮುಗಿಯುತ್ತದೆ. ಆಮೇಲೆ ಎಗ್ರಿಮೆಂಟಿನಲ್ಲಿ ಇರುವಷ್ಟು ದಿನದ ನೋಟಿಸ್ ಕೊಟ್ಟು ಬಿಡಬಹುದು, ಸಾಮಾನ್ಯವಾಗಿ ಒಂದು ತಿಂಗಳು ಇರುತ್ತದೆ, ನಿಮ್ಮದರಲ್ಲಿ ನೋಡಿಕೊಳ್ಳಿ. ನನ್ನನ್ನು ಕೇಳಿದರೆ, ಆಗಸ್ಟ್ 15ರ ಹೊತ್ತಿಗೆ ಮೇಲಿನವರು ಬಾತ್‌ರೂಮ್ ಪರೀಕ್ಷೆಗೂ ಒಪ್ಪದೆ, ಸೊಸೈಟಿ ಚಜ್ಜಾ ಕೂಡ ಮುಟ್ಟದೆ ಇದ್ದರೆ ನೋಟಿಸ್ ಕೊಟ್ಟುಬಿಡಿ. ಮಗುವಿನ ಕೆಮ್ಮಿಗಿಂತ ದೊಡ್ಡದಲ್ಲ ಆ ಮನೆ. ನೋಟಿಸಿನಲ್ಲಿ ಸೋರಿಕೆ, ಕೊಟ್ಟ ಪತ್ರಗಳು, ತಾರೀಕುಗಳು ಎಲ್ಲ ಬರೆಯಿರಿ, ಕೀ ಕೊಡುವ ದಿನವೇ ಡಿಪಾಸಿಟ್ ಪೂರ್ತಿ ವಾಪಸ್ ಬೇಕು ಅಂತಲೂ ಬರೆಯಿರಿ. ಪೇಂಟಿಂಗ್ ಅಂತ ಹಣ ಹಿಡಿಯುವ ರೂಢಿ ಇಲ್ಲಿ ಇದೆ. ಬೂಷ್ಟು ನಿಮ್ಮಿಂದ ಬಂದದ್ದಲ್ಲ ಅನ್ನುವುದಕ್ಕೆ ಏಪ್ರಿಲ್‌ನಿಂದ ತೆಗೆದ ಫೋಟೊಗಳೇ ಸಾಕ್ಷಿ, ಅವುಗಳನ್ನು ಫೋನಿನಲ್ಲಷ್ಟೇ ಇಡದೆ ನಿಮಗೇ ಒಂದು ಇಮೇಲ್ ಮಾಡಿಟ್ಟುಕೊಳ್ಳಿ.

ಮುಂದಿನ ಮನೆ ಹುಡುಕುವುದಾದರೆ ಈಗಲೇ, ಮಳೆ ಇರುವಾಗಲೇ ಹುಡುಕಿ. ಮೇ ತಿಂಗಳಲ್ಲಿ ಎಲ್ಲ ಗೋಡೆಯೂ ಚೆಂದ ಕಾಣುತ್ತದೆ. ಒಳಗೆ ಹೋದ ಕೂಡಲೇ ಮೂಗು ಏನು ಹೇಳುತ್ತದೆ ನೋಡಿ. ಕಪಾಟಿನ ಹಿಂದೆ, ಸಿಂಕ್ ಕೆಳಗೆ ಕೈ ಆಡಿಸಿ. ಇಡೀ ಮನೆ ಹಳೆಯ ಬಣ್ಣ, ಒಂದು ಮೂಲೆ ಮಾತ್ರ ಹೊಸ ಬಣ್ಣ ಇದ್ದರೆ ಅಲ್ಲೇನು ಆಗಿತ್ತು ಅಂತ ಕೇಳಿ. ಬ್ರೋಕರ್‌ಗಿಂತ ವಾಚ್‌ಮನ್ ಜಾಸ್ತಿ ತಿಳಿದವನು, ಟ್ಯಾಂಕರ್ ಎಷ್ಟು ಸಲ ಬರುತ್ತದೆ, ಲಿಫ್ಟ್ ಎಷ್ಟು ಸಲ ನಿಲ್ಲುತ್ತದೆ ಅವನಿಗೆ ಗೊತ್ತು. ಎಗ್ರಿಮೆಂಟ್ ಟೈಪ್ ಆಗುವ ಮುಂಚೆ ಎರಡು ಸಾಲು ಸೇರಿಸಲು ಕೇಳಿ: ಸೋರಿಕೆ, ಪ್ಲಾಸ್ಟರ್, ಪೈಪು, ವೈರಿಂಗ್ ಓನರ್ ಹೊಣೆ, ತಿಳಿಸಿದ 15 ದಿನದಲ್ಲಿ ಮಾಡಿಸದಿದ್ದರೆ ನಾವು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ. ಮನೆ ವಾಸಕ್ಕೆ ಯೋಗ್ಯ ಇಲ್ಲದ ಹಾಗೆ ಆದರೆ ಲಾಕ್-ಇನ್ ಅನ್ವಯಿಸುವುದಿಲ್ಲ. ಕಾಯ್ದೆ ಟೆನೆಂಟ್‌ಗೆ ಕೊಟ್ಟದ್ದನ್ನು ಲೈಸೆನ್ಸಿ ಹೀಗೆ ಬರೆಸಿಕೊಂಡೇ ಪಡೆಯಬೇಕು. ಇದಕ್ಕೆ ಒಪ್ಪದ ಓನರ್ ಮನೆ ಎಷ್ಟು ಚೆಂದ ಇದ್ದರೂ ಎರಡು ಸಲ ಯೋಚನೆ ಮಾಡಿ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ಅದನ್ನು ತಿಳಿಸಿ. ಮೇ ರಜೆಯಲ್ಲಿ ಮೇಲಿನ ಮನೆಯವರು ಊರಿಗೆ ಹೋಗಿದ್ದರಾ? ಹೋಗಿದ್ದರೆ ಆ ದಿನಗಳಲ್ಲಿ ಪ್ಯಾಸೇಜಿನ ಸೀಲಿಂಗ್ ಒಣಗಿತ್ತಾ, ಹಾಗೇ ಒದ್ದೆಯಿತ್ತಾ? ಆಗಿನ ಒಂದು ಫೋಟೊ ನಿಮ್ಮ ಫೋನಿನಲ್ಲಿದ್ದರೆ ಸಾಕು, ಬಣ್ಣದ ನೀರಿನ ಪರೀಕ್ಷೆಯೂ ಬೇಕಾಗಲಿಕ್ಕಿಲ್ಲ.